ಘಟದ ಮಣ್ಣಿನಲ್ಲಿ ಕಡಲೆ

ಮೈದುನ ಆ ಕ್ಯಾನನ್ನು ನಮ್ಮ ದಿಲ್‌ಸುಖ್‌ನಗರದ ಫ್ಲ್ಯಾಟಿಗೆ ತಂದ ದಿನವೇ ನನಗೆ ಅದರ ಮೇಲೆ ಅನುಮಾನ ಬಂದಿತ್ತು. ಮೇ ತಿಂಗಳ ಮಧ್ಯಾಹ್ನ. ಮಾರಿದವನು ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಊರೆಲ್ಲ ಸುತ್ತಿ ತಂದುಕೊಟ್ಟಿದ್ದನಂತೆ. ಮುಟ್ಟಲಾರದಷ್ಟು ಕಾದಿತ್ತು.

"ಇದರಾಗ ಸಣ್ಣ ಸಣ್ಣ ಜೀವ ಅದಾವ್ರಿ ವೈನಿ. ಕಣ್ಣಿಗೆ ಕಾಣಂಗಿಲ್ಲ. ಮಣ್ಣಾಗಿನ ವಿಷ ತಿಂದು ಬದುಕತಾವಂತ."

"ಈ ಬಿಸಿಲಾಗ ಬಂದು ಇನ್ನೂ ಬದುಕ್ಯಾವೇನು?" ಎಂದೆ.

"ನೀವು ಮೊಸರಿಗೂ ಹಿಂಗ ಅನುಮಾನ ಮಾಡತೀರಿ," ಎಂದು ಅವರು ನಕ್ಕರು. ಕ್ಯಾನು ಹೊಲಕ್ಕೆ ಹೋಯಿತು.

ವಿಕಾರಾಬಾದಿನ ಕಡೆ ಮಾವನವರು ಬದುಕಿದ್ದಾಗ ಕೊಂಡಿಟ್ಟಿದ್ದ ಹೊಲ ಅದು. ಬಹಳ ವರ್ಷ ಗುತ್ತಿಗೆಗೆ ಹಿಡಿದವನು ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಬೆಳೆದು, ಕಳೆ ಕೀಳುವ ಆಳಿನ ಬದಲು ಗಡ್ಡಿ ಮಂದು, ಅಂದರೆ ಕಳೆನಾಶಕ, ಹೊಡೆಯುತ್ತ ಬಂದಿದ್ದ. ಮೈದುನ ಸರ್ಕಾರಿ ನೌಕರಿಯಿಂದ ಅವಧಿಗೆ ಮೊದಲೇ ನಿವೃತ್ತಿ ಪಡೆದು ಹೊಲ ತಮ್ಮ ಕೈಗೆ ತೆಗೆದುಕೊಂಡರು. ಹಿಂದಿನ ಚಳಿಗಾಲದಲ್ಲಿ ಬಿತ್ತಿದ ಕಡಲೆ ಚೆಂದ ಎದ್ದು, ಎಲೆ ಬಿಚ್ಚಿ, ಆಮೇಲೆ ಅಂಚಿನಿಂದ ಸುಟ್ಟು ಒಣಗಿತು. ಔಷಧ ಮಣ್ಣಿನಲ್ಲೇ ಉಳಿದಿದೆ, ಜೋಳ ತಡೆದೀತು, ಕಡಲೆ ತಡೆಯುವುದಿಲ್ಲ ಎಂದು ಕೃಷಿ ಇಲಾಖೆಯವರು ಹೇಳಿದ್ದರು.

ಅತ್ತ ಪಕ್ಕದ ಜಮೀನಿನಲ್ಲೆಲ್ಲ 'ವೆಂಚರ್' ಎಂದು ಬಾವುಟ ನೆಟ್ಟು ಸೈಟು ಮಾಡುತ್ತಿದ್ದವನು ಈ ಹೊಲವನ್ನೂ ಕೊಡಿರೆಂದು ನಮ್ಮ ಮನೆಯವರಿಗೆ ಫೋನ್ ಮಾಡುತ್ತಲೇ ಇದ್ದ. ಅಣ್ಣತಮ್ಮಂದಿರಲ್ಲಿ ಮಾತಾಯಿತು: ಇನ್ನೊಂದು ಸಲ ಕಡಲೆ ಬಿತ್ತುವುದು, ಒಣಗಿದರೆ ಹೊಲ ಮಾರುವುದು. "ನಾನ ಮೊದಲ ಸಹಿ ಹಾಕತೀನಿ," ಎಂದು ಮೈದುನ ತಾವಾಗಿಯೇ ಹೇಳಿಬಿಟ್ಟರು.

ನವರಾತ್ರಿಗೆ ನಮ್ಮಲ್ಲಿ ಘಟ ಹಾಕುತ್ತೇವೆ. ಸ್ವಂತ ಹೊಲದ ಮಣ್ಣು ತಂದು, ಕಲಶದ ಸುತ್ತ ಹರಡಿ, ಧಾನ್ಯ ಚೆಲ್ಲಿ, ದೇವರ ಕೋಣೆಯ ಕತ್ತಲ ಮೂಲೆಯಲ್ಲಿ ಇಡುವುದು. ಆ ವರ್ಷ ಕ್ಯಾನಿನ ನೀರು ಕುಡಿದ ಹೊಲದ ಮಣ್ಣನ್ನೇ ತಂದರು. ದಸರೆಯ ಹೊತ್ತಿಗೆ ಸಸಿಗಳು ದಟ್ಟವಾಗಿ, ಉದ್ದವಾಗಿ, ಅರಿಸಿನದ ಬಣ್ಣದಲ್ಲಿ ಎದ್ದು ನಿಂತವು.

"ಬಂಗಾರದ್ಹಂಗ ಬಂದಾವ ನೋಡು," ಎಂದರು ಅತ್ತೆ. "ತಾಯಿ ಹೂಂ ಅಂದ್ಲು."

ಮೈದುನ ಕೈಮುಗಿದು, ಅಲ್ಲೇ ನಿಂತು ಟ್ರ್ಯಾಕ್ಟರಿನವನಿಗೆ ಫೋನ್ ಹಚ್ಚಿದರು.

ನನಗೆ ಮಾತ್ರ ಆ ಹಳದಿಯ ಮೇಲೆ ನಂಬಿಕೆ ಬರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒದ್ದೆ ಹತ್ತಿಯಲ್ಲಿ ಅವರೆಕಾಳು ಇಟ್ಟು ಬೀರುವಿನೊಳಗೆ ಮುಚ್ಚಿಸಿದ್ದರು. ಕತ್ತಲಲ್ಲೂ ಮೊಳಕೆ ಬಂದಿತ್ತು, ಹೀಗೇ ಹಳದಿಯಾಗಿ. ಬೀಜ ತನ್ನ ಟಿಫಿನ್ ಡಬ್ಬಿ ತಾನೇ ಕಟ್ಟಿಕೊಂಡು ಬಂದಿರುತ್ತದೆ, ಅದು ತೀರಿದ ಮೇಲೆ ಎಲೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳಬೇಕು ಎಂದಿದ್ದರು. ಹಿಂದಿನ ವರ್ಷ ಹೊಲದ ಕಡಲೆ ಕೆಟ್ಟದ್ದೂ ಎಲೆ ಬಿಸಿಲಿಗೆ ಬಿಚ್ಚಿಕೊಂಡ ಮೇಲೆಯೇ. ಹಾಗಾದರೆ ಕತ್ತಲಲ್ಲಿ ಡಬ್ಬಿಯ ಊಟದಲ್ಲೇ ಎದ್ದ ಈ ಸಸಿ, ಮಣ್ಣಿನ ವಿಷ ಹೋಗಿದೆ ಎಂದು ಹೇಗೆ ಹೇಳೀತು? ಆದರೆ ಅತ್ತೆಯ ಮುಂದೆ ಇದನ್ನು ಹೇಗೆ ಆಡುವುದು?

ಸಸಿಗಳನ್ನು ಪ್ರಸಾದವೆಂದು ಹಂಚಿದ ಮೇಲೆ ಉಳಿದ ಮಣ್ಣನ್ನು ಒಂದು ಕುಂಡಕ್ಕೆ ತುಂಬಿ, ಮೈದುನ ನಮ್ಮಲ್ಲಿ ತಂದಿಟ್ಟಿದ್ದ ಬಿತ್ತನೆಯ ಚೀಲದಿಂದ ನಾಲ್ಕು ಕಡಲೆ ತೆಗೆದು ಊರಿದೆ. ಪಕ್ಕದಲ್ಲಿ ನನ್ನ ಕೊತ್ತಂಬರಿ ಕುಂಡದಲ್ಲೂ ನಾಲ್ಕು. ಒಂದೇ ಬಿಸಿಲು, ಒಂದೇ ಚೆಂಬಿನ ನೀರು.

"ಸ್ವಲ್ಪ ತಡೀರಿ, ಇವು ಎಲಿ ಬಿಡಲಿ," ಎಂದೆ ಮೈದುನನಿಗೆ.

"ಹದ ಆರತೈತ್ರಿ ವೈನಿ. ಆಮೇಲೆ ನೀವು ಬಂದು ಚೆಂಬಿಲೆ ನೀರ ಹಾಕತೀರೇನು?" ಎಂದವರು, ನನ್ನನ್ನೇ ದಿಟ್ಟಿಸಿ ನೋಡಿದರು. "ಅಣ್ಣ ಹೇಳಿಕೊಟ್ಟಾನೇನು? ನಿಮಗೂ ಮಾರೂದ ಬೇಕಾಗೇತೇನು?"

ನಮ್ಮ ಮನೆಯವರು ಪೇಪರಿನ ಹಿಂದಿನಿಂದ, "ನನ್ನ ಯಾಕ ನಡಕ ಎಳೀತಿ," ಎಂದರು. ಪೇಪರು ಕೆಳಗಿಳಿಯಲಿಲ್ಲ, ಅದೂ ನನಗೆ ಸರಿಬರಲಿಲ್ಲ.

ಅಷ್ಟರಲ್ಲಿ ಅಕಾಲ ಮಳೆ ಬಂದು, ಆ ಕಪ್ಪು ಮಣ್ಣಿಗೆ ಟ್ರ್ಯಾಕ್ಟರ್ ಇಳಿಯುವಂತಿರಲಿಲ್ಲ. ಎರಡೂ ಕುಂಡದ ಕಡಲೆ ಸಮಸಮನಾಗಿ ಎದ್ದವು. "ನಾ ಹೇಳಲಿಲ್ಲೇನ್ರಿ?" ಎಂದು ಮೈದುನ ಬೀಗಿದರು. ನನ್ನ ಅನುಮಾನದ ಮೇಲೆಯೇ ನನಗೆ ಅನುಮಾನವಾಯಿತು. ಆಮೇಲೊಂದು ಬೆಳಿಗ್ಗೆ ನೀರು ಹಾಕುವಾಗ ನೋಡಿದರೆ, ಹೊಲದ ಮಣ್ಣಿನ ಗಿಡಗಳ ಕೆಳಗಿನ ಎಲೆಗಳಿಗೆ ಇಸ್ತ್ರಿ ತಾಗಿದ ಹಾಗೆ ಅಂಚು ಬೆಳ್ಳಗಾಗಿತ್ತು. ಕೊತ್ತಂಬರಿ ಕುಂಡದವು ಹಸಿರಾಗಿಯೇ ಇದ್ದವು.

ಮೈದುನ ಬಂದು ಒಂದು ಗಿಡ ಕಿತ್ತು, ಬೇರು ತಿರುಗಿಸಿ ನೋಡಿ, "ನೀರ ಹೆಚ್ಚಾಗಿರಬೇಕು," ಎಂದರು.

"ಎರಡಕ್ಕೂ ಅಷ್ಟಷ್ಟ ಹಾಕೀನಿ."

ನನ್ನನ್ನು ಅವರು ನಂಬಲಿಲ್ಲ. ಹೊಲದ ಬೇರೆ ಬೇರೆ ಕಡೆಯಿಂದ ತಾವೇ ಮಣ್ಣು ತಂದು, ತಮ್ಮ ಮನೆಯ ಮಾಳಿಗೆಯ ಮೇಲೆ ಡಬ್ಬಿಗಳಲ್ಲಿ ಕಡಲೆ ಹಾಕಿದರು. ಮತ್ತೆ ಬಂದಾಗ ಮುಖ ಸಣ್ಣದಾಗಿತ್ತು.

"ಎಲ್ಲಾ ಸುಟ್ಟಾವ್ರಿ. ಬೋರಿನ ಪೈಪ್ ಸೋರತೈತಲ್ಲ, ತಿಪ್ಪಿ ಬಾಜೂಕ, ಅಲ್ಲಿ ಮಣ್ಣಿನವು ಅಷ್ಟ ಹಸರ ಅದಾವ. ಹಸಿ ಇದ್ದಲ್ಲಿ ಆ ಜೀವ ಬದುಕ್ಯಾವ ನೋಡ್ರಿ."

"ಕ್ಯಾನಿನವೋ, ತಿಪ್ಪಿಯಾಗಿನವೋ?"

"ಖರೇ ಹೇಳಬೇಕಂದ್ರ, ನನಗೂ ಗೊತ್ತಿಲ್ರಿ ವೈನಿ." ಆಮೇಲೆ ಅಣ್ಣನ ಕಡೆ ತಿರುಗಿದರು. "ಈ ಸಲ ಬಿಳಿಜೋಳ ಬಿತ್ತತೀನಿ. ಹೊಲಕ್ಕೆಲ್ಲ ಗೊಬ್ಬರ ಹಾಕಿ, ಹಸಿ ಆರದ್ಹಂಗ ನೋಡಕೋತೀನಿ. ಕಡಲಿ ಒಂದ ಪಟ್ಟಿ, ಪರೀಕ್ಷಾಕ್ಕ."

"ಮಾತು ಕಡಲಿ ಮ್ಯಾಲ ಆಗಿತ್ತು," ಎಂದರು ನಮ್ಮ ಮನೆಯವರು.

"ಮಾತಾಡಕೊಂಡಾವ್ರು ನೀವಿಬ್ರು," ಎಂದರು ಹೂಬತ್ತಿ ಹೊಸೆಯುತ್ತಿದ್ದ ಅತ್ತೆ, ತಲೆ ಎತ್ತದೆ. "ನನ್ನ ಸಹಿ ಯಾರ ಕೇಳ್ಯಾರ? ಜೋಳ ಬರಲಿ ಮೊದಲ."

ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಫೋನ್ ಹಿಡಿದು ಬಾಲ್ಕನಿಗೆ ಹೋದರು. ನಾನೂ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಹಿಂದೆಯೇ ಹೋದೆ. "ಈ ಏಡಾದಿ ವದ್ದಂಡಿ," ಈ ವರ್ಷ ಬೇಡ ಎಂದು ಸೈಟಿನವನಿಗೆ ತೆಲುಗಿನಲ್ಲಿ ಹೇಳುತ್ತಿದ್ದರು, ನನಗೆ ಕೇಳಲೆಂದೋ ಏನೋ ಸ್ವಲ್ಪ ಜೋರಾಗಿಯೇ. ಅವರು ಫೋನ್ ಇಡುವವರೆಗೂ ನಾನು ಒಂದೇ ಟವೆಲನ್ನು ಮತ್ತೆ ಮತ್ತೆ ಕೊಡವುತ್ತ ಅಲ್ಲೇ ನಿಂತಿದ್ದೆ.