ಗೆಲಾಕ್ಸಿಗಳ ಪಾಲು ಕಳೆದ ಮೇಲೆ

ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ರಾಯದುರ್ಗದ ಅಕ್ಕನ ಮನೆಗೆ ಬಂದೆ. ನಮ್ಮ ಖಗೋಳ ಸಂಶೋಧನಾ ಸಂಸ್ಥೆಯವರು ರಜೆ ಕೊಟ್ಟಿದ್ದರೂ ಲ್ಯಾಪ್‌ಟಾಪ್ ತಂದಿದ್ದೆ. ಮುಂದಿನ ಕೋಣೆಯಲ್ಲಿ ಅಕ್ಕನ ಜೀನ್ಸ್ ಹೊಲಿಯುವ ಮೆಷಿನ್‌ಗಳು ಬೆಳಗಿನಿಂದಲೇ ಓಡುತ್ತಿದ್ದವು. ನಾನು ಒಳಗೆ ಮಂಚದ ಮೇಲೆ ಕೂತು ನನ್ನ ಕೆಲಸ ಮಾಡುತ್ತಿದ್ದೆ. ಅಳು ಬಂದಿರಲಿಲ್ಲ. ಹಸಿವೂ ಅಷ್ಟಕ್ಕಷ್ಟೆ.

ವಿಶ್ವದ ಎಳವೆಯಲ್ಲಿ ಹೊರಟ ಬೆಳಕು ಈಗಲೂ ಆಕಾಶದ ಎಲ್ಲ ಕಡೆಯಿಂದ ಮೈಕ್ರೋವೇವ್ ಆಗಿ ಬರುತ್ತಿದೆ. ದಾರಿಯಲ್ಲಿ ಗೆಲಾಕ್ಸಿಗಳ ಗುರುತ್ವ ಅದನ್ನು ತುಸು ತುಸುವೇ ಬಾಗಿಸುತ್ತದೆ. ಗೆಲಾಕ್ಸಿಗಳು ಎಲ್ಲೆಲ್ಲಿವೆ ಎಂಬ ಸಮೀಕ್ಷೆ ಹಿಡಿದು, ಆ ಬಾಗನ್ನು ಲೆಕ್ಕ ಹಾಕಿ ಆ ಬೆಳಕಿನ ನಕ್ಷೆಯಿಂದ ಕಳೆಯುವುದು ನನ್ನ ಕೆಲಸ. ನಮ್ಮ ನಕ್ಷೆಯಲ್ಲಿ ಸುಳಿಯಂಥ ಮಸುಕು ವಿನ್ಯಾಸವೊಂದು ಕಂಡಿತ್ತು. ಕಳೆದ ಮೇಲೂ ಉಳಿದರೆ ಅದು ವಿಶ್ವದ ಮೊದಮೊದಲ ಕ್ಷಣದ ಗುರುತು. ಇಡೀ ತಂಡ ಅದಕ್ಕೇ ಕಾದಿತ್ತು.

ಒಂದು ಮಧ್ಯಾಹ್ನ ಫಲಿತಾಂಶ ಬಂತು. ಸುಳಿ ಇರಲಿಲ್ಲ. ನಾವು ಕಂಡದ್ದೆಲ್ಲ ಗೆಲಾಕ್ಸಿಗಳ ಕೆಲಸ. ಉಳಿದದ್ದು ಉಪಕರಣವೇ ಹುಟ್ಟಿಸುವ ಅರ್ಥವಿಲ್ಲದ ಗದ್ದಲ. ತಂಡದ ಹಿರಿಯರು ಫೋನ್ ಮಾಡಿ ಬೇಜಾರಾಯಿತೇ ಎಂದು ಕೇಳಿದರು.

"ಇಲ್ಲ ಸರ್. ಇನ್ನೊಮ್ಮೆ ನೋಡ್ತೀನಿ."

ನೋಡಿದೆ. ಅದೇ ಬಂತು.

ಅವತ್ತೇ ಸಂಜೆ ಗಂಡನ ಊರು ಮಡಕಶಿರಾದಿಂದ ನನ್ನ ಅತ್ತೆ ರಾಗಿ ಹುರಿಹಿಟ್ಟಿನ ಡಬ್ಬಿ ಹಿಡಿದು ಬಂದರು. ಅಕ್ಕ ಬಾಗಿಲಲ್ಲೇ ಶುರು ಮಾಡಿದಳು: "ನೋಡ್ರಮ್ಮಾ, ಬಂದಾಗಿಂದ ಹಿಂಗ ಕುಂತಾಳ. ಅಳಂಗಿಲ್ಲ, ಮಾತಾಡಂಗಿಲ್ಲ. ಯಾಕ ಅಂತ ನೀವರ ಕೇಳ್ರಿ."

ಅತ್ತೆ ಕೇಳಲಿಲ್ಲ. ಪಕ್ಕದಲ್ಲಿ ಕೂತು ಪರದೆ ನೋಡಿದರು.

"ಏನೋ ಹುಡುಕ್ತಿದ್ಯಂತೆ. ಸಿಕ್ತೇನಮ್ಮ?"

"ಇಲ್ಲ ಅತ್ತೆ. ಇರಲೇ ಇಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಿನ್ ಗಂಡ ಹುಟ್ಟಕ್ಕೆ ಮುಂಚೆ ನಂಗೂ ಒಂದು ಹೋಯ್ತು. ಮಾರನೇ ವಾರನೇ ಕಡ್ಲೇಕಾಯಿ ಕೀಳಾಕೆ ಹೋದೆ. ಬಾಳ ದಿನ ಏನೂ ಅನ್ನಿಸ್ನಿಲ್ಲ."

"ಆಮೇಲೆ?"

"ಆಮೇಲೆ ಅನ್ನಿಸ್ತು."

ಅವರು ಹೊರಟಾಗ ನಾನೂ ಜೊತೆಗೆ ಹೋದೆ. ಅಕ್ಕ ತಡೆಯಲಿಲ್ಲ. ಮಡಕಶಿರಾದಲ್ಲಿ ಅತ್ತೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರೆ ನಾನು ನಡುಮನೆಯಲ್ಲಿ ಕೂತು ಲೇಖನ ಬರೆದೆ. ಆ ಗುರುತು ಇರುವುದೇ ಆದರೆ ಇಷ್ಟಕ್ಕಿಂತ ಕ್ಷೀಣವಾಗಿರಬೇಕು ಎಂಬುದೇ ಅದರ ಸಾರ. ತಂಡದವರು ಅಚ್ಚುಕಟ್ಟಾಗಿದೆ ಎಂದರು.

ಲೇಖನ ಪ್ರಕಟವಾದ ದಿನ ಗಂಡ ತಮ್ಮ ಕೆಲಸದೂರಿನಿಂದ ಫೋನ್ ಮಾಡಿ, "ಖುಷಿ ಆಯ್ತಾ?" ಅಂದರು.

ನನಗಿನ್ನೂ ಏನೂ ಅನ್ನಿಸಿರಲಿಲ್ಲ. ಊಟ ಆಯ್ತು ಎಂದೆ.