ಪೆನ್ಸಿಲ್ ತೂತು

ಪೊಲೀಸರ ಫೈರಿಂಗ್ ಅಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಅದು ವರ್ಷಕ್ಕೊಮ್ಮೆ ಬಿಸಿಲಲ್ಲಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುವ ಕೆಲಸ, ಅಷ್ಟೇ. ಹಾನಗಲ್, ಸವಣೂರು, ಹಿರೇಕೆರೂರು ಕಡೆಯ ಠಾಣೆಗಳ ಪೇದೆಗಳು ವ್ಯಾನಿನಲ್ಲಿ ಶಿಗ್ಗಾಂವಿ ಹತ್ತಿರದ ಗುಡ್ಡದ ಬುಡಕ್ಕೆ ಬಂದು ಇಳಿಯುತ್ತಿದ್ದರು. ವರ್ಷವಿಡೀ ಬಂದೋಬಸ್ತು, ಕೋರ್ಟು, ವಾರಂಟು ಎಂದು ಓಡಾಡಿದ ಮಂದಿಗೆ ಬಂದೂಕು ಹಿಡಿಯುವುದನ್ನು ಮತ್ತೆ ನೆನಪಿಸುವವನು ನಾನು. ಹುದ್ದೆ ಎ.ಎಸ್.ಐ., ಆದರೆ ಮೈದಾನದಲ್ಲಿ ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಆ ಹೆಸರೆಂದರೆ ನನಗೆ ಪ್ರಾಣ. ನನ್ನ ಬಾಯಿ ಮಾತ್ರ ಕೆಟ್ಟದ್ದು.

"ಏ, ಅದು ನೆಲಾ ಅಗಿಯೂ ಹಾರಿ ಅಲ್ಲೋ, ರೈಫಲ್! ಭುಜಕ್ಕ ಒತ್ತಿ ಹಿಡಿ. ಟ್ರಿಗರ್ ಜಗ್ಗಬ್ಯಾಡ, ಮೆಲ್ಲಕ ಒತ್ತು" ಎಂದು ನಾನು ಕೂಗಿದರೆ ಗುಡ್ಡದಾಚೆ ಕುರಿ ಕಾಯುವವರಿಗೂ ಕೇಳುತ್ತಿತ್ತು.

ನಮ್ಮಲ್ಲಿ ಒಂದು ಹಳೆಯ ಕಳ್ಳದಾರಿ ಇದೆ. ಗುರಿಹಲಗೆಗಳ ಕೆಳಗೆ ಒಂದು ಕಂದಕ ಇರುತ್ತದೆ. ಅಲ್ಲಿ ಕೂತವರು ಹಲಗೆ ಇಳಿಸಿ ನೋಡಿ, ಗುಂಡು ಎಲ್ಲಿ ಬಿತ್ತೆಂದು ಕೋಲಿನಿಂದ ಮುಟ್ಟಿ ತೋರಿಸಿ, ತೂತಿಗೆ ಮೈದಾ ಅಂಟಿನಿಂದ ಕಾಗದದ ಚೂರು ಹಚ್ಚಿ ಮತ್ತೆ ಮೇಲೆತ್ತಬೇಕು. ಗೆಳೆಯ ಫೇಲಾಗುತ್ತಾನೆ ಅನ್ನಿಸಿದರೆ ಅವರೇ ಪೆನ್ಸಿಲ್ ಚುಚ್ಚಿ ಒಂದೆರಡು ತೂತು ಮಾಡಿಬಿಡುತ್ತಾರೆ. ಗುಂಡಿನ ತೂತಿನ ಅಂಚಿಗೆ ಮಸಿ ಹತ್ತಿರುತ್ತದೆ, ಪೆನ್ಸಿಲ್ಲಿನದು ಸುಮ್ಮನೆ ಹರಿದಿರುತ್ತದೆ. ನನಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಹಾಗೆ ಮಾಡಿದವರನ್ನು ಮುಲಾಜಿಲ್ಲದೆ ಸಾಹೇಬರ ಮುಂದೆ ನಿಲ್ಲಿಸಿದ್ದೇನೆ, ಅವರಿಗೆ ಶಿಕ್ಷೆಯೂ ಆಗಿದೆ.

ಒಮ್ಮೆ ಸವಣೂರು ಕಡೆಯಿಂದ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಳು. ಹತ್ತಿಮತ್ತೂರಿನ ರೈತರ ಮನೆಯವಳು. ಎರಡೂ ಕಣ್ಣು ಮುಚ್ಚಿ ಗುಂಡು ಹಾರಿಸಿದಳು, ಆಮೇಲೆ ಮೂಲೆಯಲ್ಲಿ ನಿಂತು ಅಳತೊಡಗಿದಳು.

"ಗುಂಡು ನಿನಗ ಬಿದ್ದಿಲ್ಲ, ಹಲಗಿಗೂ ಬಿದ್ದಿಲ್ಲ. ಮತ್ತ್ಯಾಕ ಅಳ್ತಿ?" ಎಂದೆ. ಅಳುತ್ತಲೇ ನಕ್ಕಳು. ಅವತ್ತು ಊಟ ಬಿಟ್ಟು ಅವಳ ಪಕ್ಕದಲ್ಲಿ ಮಲಗಿ ಹೇಳಿಕೊಟ್ಟೆ. ಮುಂದೆ ಆ ಮೈದಾನದಲ್ಲಿ ಅವಳಷ್ಟು ಚೆನ್ನಾಗಿ ಗುರಿ ಇಡುವವರು ಯಾರೂ ಇರಲಿಲ್ಲ. ಪ್ರತಿ ವರ್ಷ ನನಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ನನಗೆ ಹೆಣ್ಣು ಮಕ್ಕಳಿಲ್ಲ. ಆ ಬುತ್ತಿ ಬಿಚ್ಚುವಾಗಲೆಲ್ಲ ಅದು ನೆನಪಾಗುತ್ತಿತ್ತು.

ಕಳೆದ ವರ್ಷ ನನ್ನ ಬಲಗೈ ನಡುಗತೊಡಗಿತು. ಮೊದಲು ಕಂಡುಹಿಡಿದವಳು ಹೆಂಡತಿ. "ಚಾ ನೀವು ಕುಡೀರಿ ಅಂದ್ರ ಅಂಗಿಗೆ ಕುಡಸಾಕತ್ತೀರಲ್ರಿ" ಎಂದು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟು ದವಾಖಾನೆಗೆ ನಡೆಯಿರಿ ಎಂದು ಬೆನ್ನು ಹತ್ತಿದಳು. ನಾನು ಒಪ್ಪಲಿಲ್ಲ. ನರ ಹಿಡಿದಿದೆ, ಎಣ್ಣೆ ತಿಕ್ಕಿದರೆ ಹೋಗುತ್ತದೆ ಎಂದೆ. ಕೈ ಹೋದರೆ ಉಸ್ತಾದಿಕೆ ಹೋಗುತ್ತದೆ, ಅದು ಹೋದರೆ ನನ್ನಲ್ಲಿ ಏನು ಉಳಿಯುತ್ತದೆ ಎಂಬ ಭಯ ಒಳಗೇ ಕೊರೆಯುತ್ತಿತ್ತು.

ಫೈರಿಂಗ್ ದಿನ ಬಂತು. ಮೊದಲು ಉಸ್ತಾದನೇ ಐದು ಗುಂಡು ಹಾರಿಸಿ ತೋರಿಸುವುದು ನಮ್ಮ ರೂಢಿ. ಎಲ್ಲರೂ ಹಿಂದೆ ನಿಂತಿದ್ದರು. ನಾನು ಮಲಗಿ ರೈಫಲ್ ಹಿಡಿದೆ. ನಳಿಗೆಯ ತುದಿ ಹಲಗೆಯ ಆಚೆಗೂ ಈಚೆಗೂ ಹೊಯ್ದಾಡಿತು. ಉಸಿರು ತಡೆದೆ, ಹಲ್ಲು ಕಚ್ಚಿ ಐದೂ ಗುಂಡು ಹಾರಿಸಿದೆ. ಒಂದೂ ಬೀಳಲಿಲ್ಲ ಎಂದು ಕೈಗೇ ಗೊತ್ತಾಗಿತ್ತು.

ಆದರೆ ಕಂದಕದಿಂದ ಕೋಲು ಮೇಲೆ ಬಂದು ಹಲಗೆಯಲ್ಲಿ ಬರೆದ ಆಳಿನ ಎದೆಯನ್ನು ಮತ್ತೆ ಮತ್ತೆ ಮುಟ್ಟಿ ತೋರಿಸಿತು. ಹಿಂದಿದ್ದವರು ಚಪ್ಪಾಳೆ ತಟ್ಟಿದರು.

ಕೆಂಪು ಬಾವುಟ ಹಾರಿಸಿ ಫೈರಿಂಗ್ ನಿಲ್ಲಿಸಿದ ಮೇಲೆ ಹಲಗೆಯ ಹತ್ತಿರ ಹೋದೆ. ಎಲ್ಲವೂ ಪೆನ್ಸಿಲ್ ತೂತು. ಕಂದಕದಲ್ಲಿ ನಿಂತವಳು ಹತ್ತಿಮತ್ತೂರಿನ ಅದೇ ಹುಡುಗಿ.

"ಉಸ್ತಾದ್ರ, ನಿಮ್ಮ ಕೈಗೆ ಏನೂ ಆಗಿಲ್ರಿ" ಎಂದಳು. ಬೆಳಿಗ್ಗೆ ಬುತ್ತಿ ಕೊಡುವಾಗಲೇ ಅವಳು ನನ್ನ ಕೈ ನೋಡಿದ್ದಳು.

ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಆದರೆ ಹೊಸ ಹುಡುಗರು ಗಾಬರಿಯಲ್ಲಿ ಗುಂಡು ತುಂಬಿದ ರೈಫಲ್ ಹಿಡಿದೇ ಪಕ್ಕಕ್ಕೆ ತಿರುಗಿಬಿಡುತ್ತಾರೆ. ಆಗ ನಳಿಗೆಯನ್ನು ಗಪ್ಪನೆ ಹಿಡಿದು ನೆಲಕ್ಕೆ ಒತ್ತಬೇಕಾದ್ದು ಉಸ್ತಾದನ ಕೈ. ಈ ಕೈಯನ್ನು ನಂಬಿ ಯಾರ ಮಕ್ಕಳನ್ನು ಮಲಗಿಸಲಿ? ನಿಜ ಹೇಳಿದರೆ ಇವಳ ನೌಕರಿಗೆ ಕುತ್ತು. ಅಷ್ಟರಲ್ಲಿ ಸಾಹೇಬರು ಹತ್ತಿರ ಬರುತ್ತಿದ್ದರು. ನಾನು ಗಂಟಲು ಹರಿಯುವಂತೆ ಕೂಗಿದೆ.

"ಬುದ್ಧಿ ಐತೇನ ನಿನಗ? ಹಳೇ ತೂತು ಮುಚ್ಚದ ಹಲಗಿ ಎತ್ತೀದಿಯಲ್ಲ! ನನ್ನ ಗುಂಡು ಒಂದೂ ಬಿದ್ದಿಲ್ಲ, ಇವೆಲ್ಲಾ ಹಳೇವು!"

ಅಂಟಿನ ಡಬ್ಬಿ ಕಸಿದುಕೊಂಡು ನಾನೇ ತೂತು ಮುಚ್ಚತೊಡಗಿದೆ. ಕಾಗದದ ಚೂರು ಬೆರಳಿಂದ ಜಾರಿ ಜಾರಿ ಬೀಳುತ್ತಿತ್ತು. ಸಾಹೇಬರು ನನ್ನ ಕೈಯನ್ನೇ ನೋಡುತ್ತ ನಿಂತರು. "ಇನ್ನೊಮ್ಮೆ ಹೊಡೀತೀರೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಬ್ಯಾಡ್ರಿ ಸರ್. ಇನ್ನ ಆಗೂದಿಲ್ಲ."

ಮೈದಾನದಲ್ಲಿ ನಾನು ಹೇಳಿದ ಮೊದಲ ಸುಳ್ಳೂ ಕೊನೆಯ ಸುಳ್ಳೂ ಆ ಹಳೇ ತೂತಿನದೇ. ವ್ಯಾನಿನಲ್ಲಿ ಮುಖ ಮುಚ್ಚಿಕೊಂಡು ಕೂತೆ. ಅವಳು ಕೊಟ್ಟ ಬುತ್ತಿ ತೊಡೆಯ ಮೇಲಿತ್ತು, ತಿನ್ನಲಾಗಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಇದು ಗುಣವಾಗುವ ಕಾಯಿಲೆ ಅಲ್ಲ ಎಂದರು. ಈಗ ಹಾನಗಲ್ಲಿನಲ್ಲಿ ಟಪಾಲು ನೋಡಿಕೊಳ್ಳುವ ಕೆಲಸ. ಮಂದಿಯ ಎದುರು ಬಲಗೈ ಜೇಬಿನಿಂದ ತೆಗೆಯುವುದಿಲ್ಲ. ಅವಳು ಫೋನು ಮಾಡಿದಾಗಲೂ ಎತ್ತಲಿಲ್ಲ.

ಮೊನ್ನೆ ಹಾವೇರಿ ಬಸ್ಸಿಗೆ ಟಪಾಲು ಕೊಡಲು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಯಾವುದೋ ಬಂದೋಬಸ್ತಿಗೆ ಬಂದಿದ್ದ ಅವಳು ಎದುರಿಗೇ ಸಿಕ್ಕಳು. ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದಳು. ನಾನು ತಲೆ ಆಡಿಸಿ ಮುಂದೆ ಹೋಗಲು ನೋಡಿದೆ. ಅವಳ ಕೈ ಇಳಿಯಲಿಲ್ಲ.

"ಕೈ ಇಳಸು. ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ. ನೀವು ಎತ್ತೂ ತನಾ ನಾ ಇಳಸೂದಿಲ್ಲ."

ಕಂಡಕ್ಟರು ಸೀಟಿ ಊದಿದ. ಕಡಲೆ ಮಾರುವವಳು ತಿರುಗಿ ನೋಡಿದಳು. ನಾನು ಜೇಬಿನಿಂದ ಕೈ ತೆಗೆದೆ. ಅಷ್ಟೂ ಮಂದಿಯ ಎದುರು ಅದು ನಡುಗುತ್ತ ನಡುಗುತ್ತ ಹಣೆಯವರೆಗೆ ಹೋಯಿತು. ಅವಳು ಕಣ್ಣು ಮಿಟುಕಿಸದೆ ಕಾದಳು. ಅಳಲಿಲ್ಲ. ಅತ್ತವನು ನಾನು.