ತೋರ್ತಿಗೆ ಅಂಟಿದ ನೀಲಿ

...ಬಣ್ಣ ಹಚ್ಚಿದ ಮೇಲೆ ಕೈ ಕಟ್ಟಿ ಕೂರಬೇಕು ಎಂದೋ ಏನೋ ಹೇಳುತ್ತಿದ್ದರು ನಮ್ಮ ಚಿತ್ರಕಲೆಯ ಮೇಷ್ಟ್ರು. ನನಗೆಲ್ಲಿ ಆ ತಾಳ್ಮೆ, ಸ್ನೇಹಿತರೇ? ನಾಳೆ ತಿರುವನಂತಪುರದ ಪ್ರದರ್ಶನಕ್ಕೆ ಒಯ್ಯಬೇಕಾದ ಕ್ಯಾನ್ವಾಸು ಕೊಚ್ಚಿಯ ತೇವಕ್ಕೆ ಒಣಗಲೇ ಇಲ್ಲವೆಂದು ಇಂದು ತಾರಸಿಯ ಬಿಸಿಲಿಗಿಟ್ಟು ಬಂದೆ. ಮಳೆ ಸುರಿಯಿತು. ಓಡಿದರೆ, ಮೇಲಿನ ಮನೆಯ ಲೀಲಾ ಚೇಚಿ, ಅಂದರೆ ಲೀಲಕ್ಕ, ಅದಕ್ಕೆ ತಮ್ಮ ಮೈ ಒರೆಸುವ ತೋರ್ತು ಹೊದಿಸಿ, ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

ತೋರ್ತು ಎತ್ತಿದರು. ಅರ್ಧ ಬಣ್ಣ ಅದರ ಜೊತೆಗೇ ಎದ್ದು ಬಂತು.

"ಅಯ್ಯೋ ಸಾರೇ, ಎಲ್ಲಾಂ ಪೋಯಿ!" ಎಲ್ಲ ಹೋಯಿತೆಂದು ಗೋಳಾಡುತ್ತಲೇ, ತೆಂಗಿನೆಣ್ಣೆ ಹಚ್ಚಿ ಒರೆಸಿಕೊಡುತ್ತೇನೆಂದು ಕೈ ಚಾಚಿದರು.

"ಮುಟ್ಟಬೇಡಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

ತಿಂಗಳಿಂದ ತಿದ್ದಿದರೂ ನುಣ್ಣಗೆ, ಜೀವವಿಲ್ಲದೆ ಬಿದ್ದಿದ್ದ ನನ್ನ ನೀಲಿಯಲ್ಲಿ ಈಗ ಒರಟು ನೇಯ್ಗೆಯ ಗುರುತು. ಅದರಡ್ಡಕ್ಕೆ ಅಪ್ಪಿ ಹಿಡಿದ ತೋಳಿನ ಒತ್ತು. ಯಾರೋ ಯಾವುದನ್ನೋ ಕಾಪಾಡಲು ಓಡಿದ್ದು ಕಾಣುತ್ತಿತ್ತು. ಸದ್ಯ, ಚಿತ್ರ ಬದುಕಿತು. ಹಾಳಾಗಿಲ್ಲ, ಮೊದಲಿಗಿಂತ ಚೆನ್ನಾಯಿತು ಎಂದು ಚೇಚಿಗೆ ಹೇಳಿದೆ.

ಚೇಚಿ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆಂದು ಕಣ್ಣೊರೆಸಿಕೊಂಡೇ ಹೋದರು.

ನಾಳೆ ಪ್ರದರ್ಶನ ನಡೆಸುವ ತಿರುವನಂತಪುರದ ಪಟ್ಟಂನ ಗ್ಯಾಲರಿಯವರೇ, ಈ ಚಿತ್ರದ ಇನ್ನರ್ಧ ಚೇಚಿಯ ವರಾಂಡದ ಹಗ್ಗದ ಮೇಲಿದೆ. ಅದನ್ನೂ ಕೇಳಿ ತರಲೇ, ಅಥವಾ ಅವರು ಒಗೆದುಕೊಳ್ಳಲಿ ಎಂದು ಬಿಡಲೇ?